ಬೆಲ್ಲನಿಗೆ ಬೈಯುವ ಹೊತ್ತು

ರೋಗಿ ಮಾತಾಡುವುದಿಲ್ಲ, ಕರೆತಂದವರು ಮಾತು ನಿಲ್ಲಿಸುವುದಿಲ್ಲ. ನಾಯಿ ಡಾಕ್ಟರ ಕ್ಲಿನಿಕ್ಕಿನಲ್ಲಿ ದಿನಕ್ಕೊಂದು ತಮಾಷೆ ನಡೆಯುವುದಕ್ಕೆ ಇಷ್ಟು ಸಾಕು. ನಾನು ಸುಲಭವಾಗಿ ನಗುವವನಲ್ಲ. ಸಂಜಯನಗರದ ಅಡ್ಡರಸ್ತೆಯಲ್ಲಿರುವ ನನ್ನ ಕ್ಲಿನಿಕ್ಕಿಗೆ ಬರುವವರು ಇದನ್ನು ಹೊರಗಿನ ಬೆಂಚಿನಲ್ಲೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ: “ಡಾಕ್ಟ್ರು ಒಳ್ಳೆಯವ್ರು ಕಣ್ರೀ, ಆದ್ರೆ ಬೈತಾರೆ.” ಆ ‘ಆದ್ರೆ’ ಬಗ್ಗೆ ನನಗೆ ತಕರಾರಿಲ್ಲ.

ನನ್ನ ಬೈಗುಳದಲ್ಲಿ ಮುಕ್ಕಾಲು ಪಾಲು ಪಾರ್ವೋಗೆ ಸೇರಿದ್ದು. ಅದು ನಾಯಿಮರಿಗಳ ಕರುಳಿಗೆ ಬೀಳುವ ವೈರಸ್. ನಿನ್ನೆ ಚಪ್ಪಲಿ ಕಚ್ಚಿಕೊಂಡು ಮನೆಯೆಲ್ಲ ಓಡಾಡಿದ ಮರಿ ಇವತ್ತು ಮೂಲೆ ಸೇರುತ್ತದೆ, ನೀರು ಕುಡಿದರೂ ವಾಂತಿ ಮಾಡುತ್ತದೆ, ಆಮೇಲೆ ರಕ್ತಭೇದಿ. ವೈರಸ್ಸನ್ನೇ ನೇರವಾಗಿ ಕೊಲ್ಲುವ ಮದ್ದು ನನ್ನ ಕಪಾಟಿನಲ್ಲಿಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಹತ್ತದಂತೆ ಕಾದು, ಮರಿಯ ಮೈ ತಾನೇ ಗೆಲ್ಲುವ ತನಕ ಜೀವ ಹಿಡಿದಿಟ್ಟುಕೊಳ್ಳಬೇಕು. ತಡೆಯುವುದು ಮಾತ್ರ ಸುಲಭ. ಹೊತ್ತಿಗೆ ಸರಿಯಾಗಿ ಎಲ್ಲ ಸುತ್ತಿನ ಲಸಿಕೆ ಹಾಕಿಸಬೇಕು, ಅದು ಮುಗಿಯುವ ತನಕ ಮರಿಯನ್ನು ರಸ್ತೆಗೆ ಇಳಿಸಬಾರದು. ಸುಲಭವಾದದ್ದನ್ನು ಯಾರೂ ಮಾಡುವುದಿಲ್ಲವಾದ್ದರಿಂದ ನನಗೆ ಕೆಲಸವಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡಬೇಕು. ಜನ ನಂಬುವುದಿಲ್ಲ, ಆದರೆ ನನ್ನ ಮನೆಯಲ್ಲಿ ನಾಯಿ ಇಲ್ಲ.

ಒನ್ ವೇ

ಇಡೀ ಬೆಂಗಳೂರಿನಲ್ಲಿ ಒನ್ ವೇ ಪಾಲಿಸುವ ಜಾಗ ಇದ್ದರೆ ಅದು ನನ್ನ ಕ್ಲಿನಿಕ್ಕು. ಬೆಳಗ್ಗೆ ಬಂದವನು ಮೊದಲು ಲಸಿಕೆಗೆ ಬಂದ ಆರೋಗ್ಯವಂತ ಮರಿಗಳನ್ನು ನೋಡುತ್ತೇನೆ. ಆಮೇಲೆ ದೊಡ್ಡ ನಾಯಿಗಳು. ಕೊನೆಗೆ ಹಿಂದಿನ ಬಾಗಿಲಿಂದ ಪಾರ್ವೋ ವಾರ್ಡು. ಒಮ್ಮೆ ವಾರ್ಡಿಗೆ ಹೋದೆನೆಂದರೆ ಆ ದಿನ ಮರಿಗಳ ಕಡೆಗೆ ವಾಪಸ್ ದಾರಿಯಿಲ್ಲ. ಈ ವೈರಸ್ ಚಪ್ಪಲಿಯ ಅಡಿಯಲ್ಲಿ, ಪ್ಯಾಂಟಿನ ಅಂಚಿನಲ್ಲಿ, ಕೈಯ ಗಡಿಯಾರದಲ್ಲಿ ಕೂತು ಬರುತ್ತದೆ, ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲ್ ಹಾಕಿದರೆ ಜಗ್ಗುವುದಿಲ್ಲ. ಅದು ಹೆದರುವುದು ಬ್ಲೀಚಿಗೆ.

ಆದ್ದರಿಂದ ಮನೆಯ ಗೇಟಿನೊಳಗೆ ಒಂದು ಅಗಲವಾದ ಟಬ್ಬಿನಲ್ಲಿ ಬ್ಲೀಚ್ ನೀರು ಇಟ್ಟಿದ್ದೇನೆ. ಸಂಜೆ ಬಂದವನು ಅದರಲ್ಲಿ ನಿಂತು, ಮನಸ್ಸಿನಲ್ಲೇ ಎಣಿಸಿ, ಆಮೇಲೆ ಮೆಟ್ಟಿಲು ಹತ್ತುತ್ತೇನೆ. ಪರಿಣಾಮವಾಗಿ ನನ್ನ ಅಷ್ಟೂ ಪ್ಯಾಂಟುಗಳು ಕೆಳಗಡೆ ಬೆಳ್ಳಗಾಗಿವೆ. ಯಶವಂತಪುರದಲ್ಲಿ ನೆಂಟರ ಮದುವೆಗೆ ಹೋದಾಗ ಪಕ್ಕದಲ್ಲಿ ಕೂತ ಹಿರಿಯರು ನನ್ನ ಕಾಲನ್ನೇ ನೋಡಿ ನೋಡಿ ಕೇಳಿದರು: “ಪೇಂಟಿಂಗ್ ಕಾಂಟ್ರ್ಯಾಕ್ಟರಾ ಸಾರ್?”

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಹೇಳಿದಳು, “ಹೌದು. ಆದ್ರೆ ಕೆಳಗಿನ್ ಒಂದಡಿ ಮಾತ್ರ ಹೊಡೀತಾರೆ.”

ನಮ್ಮಲ್ಲೂ ಒಂದು ನಾಯಿ ಇತ್ತು. ನಾನು ಸರ್ಕಾರಿ ಕೆಲಸದಲ್ಲಿದ್ದು ದೊಡ್ಡಬಳ್ಳಾಪುರದ ಕಡೆ ಹಸು ಎಮ್ಮೆ ನೋಡುತ್ತಿದ್ದ ಕಾಲದಲ್ಲಿ ಮರಿಯಾಗಿ ಬಂದದ್ದು. ಹಸುವಿನಿಂದ ನಾಯಿಗೆ ಪಾರ್ವೋ ಬರುವುದಿಲ್ಲ, ಹಾಗಾಗಿ ತೊಂದರೆಯಿರಲಿಲ್ಲ. ಚೆನ್ನಾಗಿ ಬಾಳಿ, ಮುದಿಯಾಗಿ, ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಮಲಗಿದ್ದು ಏಳಲಿಲ್ಲ. ಅದರ ಸರಪಳಿ ಇನ್ನೂ ಅದೇ ಮೊಳೆಯಲ್ಲಿ ನೇತಾಡುತ್ತಿದೆ. ಹೆಂಡತಿಗೆ ಮರಿ ಬೇಕು. ದಿನವೂ ಪಾರ್ವೋದಲ್ಲಿ ಕೈಯದ್ದಿ ಬರುವವನ ಮನೆಗೆ ಮರಿ ತರಬಾರದು. ಲಸಿಕೆಯಾದ ದೊಡ್ಡ ನಾಯಿ ತರೋಣ ಎಂದರೆ ಅವಳು ಒಪ್ಪುವುದಿಲ್ಲ. “ಅದಕ್ಕೆ ಹಳೇ ಮನೆ ನೆನಪಿರುತ್ತೆ ರೀ. ಅದೂ ಕಾಯ್ತಾ ಕೂರುತ್ತೆ, ನಾವೂ ಕಾಯ್ತಾ ಕೂರ್ತೀವಿ. ಒಂದ್ ಮನೇಲಿ ಇಷ್ಟು ಜನ ಕಾಯೋದು ಬೇಡ.”

ಅವಳು ಇವತ್ತಿಗೂ ಅನ್ನಕ್ಕಿಡುವಾಗ ನಾಯಿಯ ಪಾಲಿನ ಅಕ್ಕಿ ಸೇರಿಸಿಯೇ ಇಡುತ್ತಾಳೆ. ಕೈ ಅಭ್ಯಾಸ. ಉಳಿದ ಅನ್ನ ಮರುದಿನ ಚಿತ್ರಾನ್ನವಾಗುತ್ತದೆ. ನಾಯಿ ಹೋದ ದುಃಖವನ್ನು ನಾನು ಪ್ರತಿದಿನ ಬೆಳಗ್ಗೆ ಕಡಲೆಕಾಯಿ ಬೀಜದ ಜೊತೆ ತಿನ್ನುತ್ತಿದ್ದೇನೆ.

ಕೋರ್ಸ್ ಕಂಪ್ಲೀಟ್

ಆರ್.ಟಿ. ನಗರದಿಂದ ಒಬ್ಬರು ಮರಿ ತಂದರು. ಕಿವಿ ಇನ್ನೂ ನಿಲ್ಲದ, ಹೊಟ್ಟೆ ಗುಂಡಗಿರುವ ಮರಿ. ಬೆಳಗ್ಗೆಯ ಹೊತ್ತು, ನಾನಿನ್ನೂ ವಾರ್ಡಿಗೆ ಹೋಗಿರಲಿಲ್ಲ.

“ವ್ಯಾಕ್ಸಿನ್ ಆಗಿದೆಯಾ?”

“ಕೋರ್ಸ್ ಕಂಪ್ಲೀಟ್ ಸಾರ್. ಒಂದೂ ಮಿಸ್ ಮಾಡಿಲ್ಲ.”

ಇಂಥ ಉತ್ತರ ನನಗೆ ಅಪರೂಪ. ಮೆಚ್ಚಿಕೊಂಡೆ. “ಎಲ್ಲಿಗೆ ಹಾಕಿದ್ರು? ಊತ ಏನಾದ್ರೂ ಬಂತಾ?”

“ತೋಳಿಗೆ ಸಾರ್. ಊತ ಇಲ್ಲ, ಸ್ವಲ್ಪ ಜ್ವರ ಬಂತು. ಆಫೀಸಿಗೆ ಹೋಗ್ಲಿಲ್ಲ.”

ಮರಿಯನ್ನೂ ಅವರನ್ನೂ ಒಮ್ಮೆ ನೋಡಿದೆ. “ಯಾರು ಆಫೀಸಿಗೆ ಹೋಗ್ಲಿಲ್ಲ?”

“ನಾನು ಸಾರ್. ಇದು ಕಚ್ಚಿತ್ತು. ಸೂಜಿಯೆಲ್ಲ ನನಗೆ ಹಾಕಿದ್ರು.”

ನಾನು ಬೈದೆ. ನೀವು ಹಾಕಿಸಿಕೊಂಡದ್ದು ರೇಬೀಸ್‌ಗೆ, ಅದು ಬೇರೆ ರೋಗ, ಹಾಕಿಸಿಕೊಂಡದ್ದು ಸರಿ. ಆದರೆ ನೀವು ಹಾಕಿಸಿಕೊಂಡರೆ ನಾಯಿಗೆ ಪಾರ್ವೋ ಬರದೇ ಇರುತ್ತದೆಯೇ? ಈ ಮರಿಗೆ ಇನ್ನೂ ಒಂದೂ ಆಗಿಲ್ಲ, ಕಾಲಿಗಂಟಿದ ಹುಲ್ಲು ನೋಡಿದರೆ ನೀವು ಅದನ್ನು ಪಾರ್ಕಿನಲ್ಲಿ ಬೇರೆ ಓಡಾಡಿಸಿದ್ದೀರಿ! ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಅಂದೇ ಮೊದಲ ಲಸಿಕೆ ಹಾಕಿದೆ. ಮುಂದಿನ ಸುತ್ತು ಯಾವಾಗ, ಕೊನೆಯದರ ತನಕ ನೆಲಕ್ಕೆ ಬಿಡಬಾರದು ಏಕೆ, ಎಲ್ಲ ಹೇಳಿದೆ.

ಸೂಜಿ ಚುಚ್ಚಿದ ಮರಿ ಒಮ್ಮೆ ಕುಂಯ್ ಎಂದು ನನ್ನ ಮೊಣಕೈ ಸಂದಿಯಲ್ಲಿ ಮೂತಿ ತೂರಿಸಿ ನಿದ್ದೆ ಹೋಯಿತು. ಹಾಲಿನ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ ಅದರ ಮೈಯಿಂದ. ಅವರು ಎದ್ದು ನಿಂತರು. ಚೀಲ ಹೆಗಲಿಗೆ ಹಾಕಿಕೊಂಡರು. ಕೈ ಚಾಚಿದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

“ಸಾರ್, ಇನ್ನೂ ಏನಾದ್ರೂ ನೋಡ್ಬೇಕಾ?”

“ಎದೆಬಡಿತ ಕೇಳ್ತಾ ಇದ್ದೀನಿ,” ಎಂದೆ ಗಂಭೀರವಾಗಿ.

“ಸ್ಟೆತಸ್ಕೋಪು ಕತ್ತಲ್ಲೇ ಇದೆಯಲ್ಲ ಸಾರ್.”

ಮುಖ್ಯ ಅತಿಥಿ

ಹೆಬ್ಬಾಳದ ಒಂದು ಅಪಾರ್ಟ್‌ಮೆಂಟಿನ ಗಂಡ ಹೆಂಡತಿ ತಮ್ಮ ಮರಿಗೆ ನಾಮಕರಣ ಇಟ್ಟುಕೊಂಡರು. ತೊಟ್ಟಿಲು, ಹೂವಿನ ಅಲಂಕಾರ, ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ, ಎಲ್ಲ ಸಿದ್ಧ. ನನ್ನನ್ನು ಮುಖ್ಯ ಅತಿಥಿಯಾಗಿ ಕರೆದರು. ಹೆಂಡತಿ ಒತ್ತಾಯ ಮಾಡಿದಳು. “ದೂರದಿಂದಾದ್ರೂ ಒಂದು ಮರಿ ನೋಡ್ಬರೋಣ ರೀ.”

ನಾನು ವಾರ್ಡ್ ಮುಗಿಸಿ ಹೋದವನು. ನಿಯಮ ನಿಯಮವೇ. ಗೇಟಿನಿಂದಲೇ ಫೋನ್ ಮಾಡಿದೆ. “ನಾನು ಮೇಲೆ ಬರೋದಿಲ್ಲ. ಮರೀನ ಕೆಳಗೆ ತರಬೇಡಿ. ಬಾಲ್ಕನಿಯಿಂದ ತೋರಿಸಿ. ಸೆಕ್ಯೂರಿಟಿಯವ್ರಿಗೆ ನನ್ನ ಒಳಗೆ ಬಿಡಬೇಡಿ ಅಂತ ಹೇಳಿ.” ಯಾರಾದರೂ ಕೈ ಹಿಡಿದು ಎಳೆದುಕೊಂಡು ಹೋದರೆ ಕಷ್ಟ ಎಂದು ಮುಂಜಾಗ್ರತೆಯಾಗಿ ಹಾಗೆಂದೆ.

ಮೂರನೇ ಮಹಡಿಯ ಬಾಲ್ಕನಿಯಲ್ಲಿ ಜರತಾರಿ ಟೋಪಿ ಹಾಕಿದ ಮರಿಯನ್ನು ಎತ್ತಿ ಹಿಡಿದರು. ಗಾಳಿಗೆ ಒಂದು ಕಿವಿ ಹಾರುತ್ತಿತ್ತು. ಹೆಂಡತಿ ಕೆಳಗಿನಿಂದಲೇ ಎರಡೂ ಕೈಯಿಂದ ನೆಟಿಗೆ ಮುರಿದಳು. ಅಷ್ಟರಲ್ಲಿ ನಮ್ಮ ಪಕ್ಕದಲ್ಲೇ ಕಾರುಗಳು ಬಂದು ನಿಂತವು. ಒಂದೊಂದರಿಂದ ಒಂದೊಂದು ನಾಯಿ ಇಳಿಯಿತು. ಎಲ್ಲಕ್ಕೂ ಹೊಸ ಬಟ್ಟೆ. ನಾಮಕರಣಕ್ಕೆ ಬಂದ ಅತಿಥಿಗಳು! ಯಾವುದಕ್ಕೆ ಲಸಿಕೆಯಾಗಿದೆ, ಯಾವುದಕ್ಕಿಲ್ಲ, ದೇವರಿಗೇ ಗೊತ್ತು.

ನಾನು ಮತ್ತೆ ಫೋನ್ ಮಾಡಿ ಬೈದೆ. ತೊಟ್ಟಿಲಲ್ಲಿರುವ ಮರಿಗೆ ಇನ್ನೂ ಲಸಿಕೆ ಪೂರ್ತಿಯಾಗಿಲ್ಲ, ಊರಿನ ನಾಯಿಗಳನ್ನೆಲ್ಲ ಕರೆಸಿ ಮೂಸಿಸುತ್ತೀರಾ? ಅವರಿಗೆ ಬೇಸರವಾಯಿತು, ಆದರೂ ಮಾತು ಕೇಳಿದರು. ಅತಿಥಿ ನಾಯಿಗಳಿಗೆ ಪಾರ್ಕಿಂಗಿನಲ್ಲೇ ಊಟ ಹಾಕಿಸಿ ಕಳಿಸಿದರು. ಆ ಮರಿಗೆ ಏನೂ ಆಗಲಿಲ್ಲ, ಇವತ್ತು ಅದು ಸೋಫಾದ ಅರ್ಧಭಾಗ ಆಕ್ರಮಿಸುವಷ್ಟು ದೊಡ್ಡ ನಾಯಿ.

ಹೊರಡುವಾಗ ಸೆಕ್ಯೂರಿಟಿಯವನು ಅನುಕಂಪದಿಂದ ನನ್ನ ಹತ್ತಿರ ಬಂದ. “ಬೇಜಾರ್ ಮಾಡ್ಕೋಬೇಡಿ ಸಾರ್. ನಾಯಿಗಳ್ನೆಲ್ಲ ಪಾರ್ಕಿಂಗ್ ತನಕ ಬಿಡು ಅಂದ್ರು. ನಿಮ್ಮನ್ನ ಮಾತ್ರ ಗೇಟೂ ದಾಟಿಸ್ಬೇಡ ಅಂದ್ರು. ಏನ್ ಜಗಳ ಸಾರ್ ಅವ್ರಿಗೂ ನಿಮಗೂ?”

ಹನ್ನೊಂದು ತಿಂಗಳು

ಇನ್ನು ಬೆಲ್ಲನ ವಿಷಯ.

ಅವನನ್ನು ತಂದವರು ಯಲಹಂಕದ ಆಚೆಯ ಒಂದು ಹಳೇ ಊರಿನ ಬಿಲ್ಡರ್. ಅಪ್ಪನ ಕಾಲದಲ್ಲಿ ಹೊಲ, ಈಗ ಅದೇ ಹೊಲದಲ್ಲಿ ಇವರು ಕಟ್ಟಿಸಿದ ಅಪಾರ್ಟ್‌ಮೆಂಟು. ಬಿಳಿ ಅಂಗಿಯವರು, ಎಲ್ಲಿಗೆ ಹೋದರೂ ಹಿಂದೆ ನಾಲ್ಕು ಜನ. ಜೊತೆಯಲ್ಲಿ ಅವರ ತಾಯಿ. ಎಲ್ಲರೂ ಅಜ್ಜಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅಜ್ಜಿಯ ಸೆರಗಿನೊಳಗೆ ಬೆಲ್ಲದಚ್ಚಿನ ಬಣ್ಣದ ಬೀದಿ ನಾಯಿಯ ಮರಿ. ಕತ್ತು ವಾಲಿತ್ತು. ವಾಸನೆಯಿಂದಲೇ ನನಗೆ ಗೊತ್ತಾಯಿತು, ಟೆಸ್ಟ್ ಬರೀ ಖಾತ್ರಿಗೆ.

ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟು, ಹೊರಗೆ ಬಂದು ವಿಚಾರಿಸಿದೆ. ಇವರ ಮನೆಯಲ್ಲಿ ಕೆಲವೇ ತಿಂಗಳ ಹಿಂದೆ ದೊಡ್ಡ ಜಾತಿಯ ಮರಿಯೊಂದು ಇದೇ ರೋಗದಲ್ಲಿ ಹೋಗಿತ್ತು. ಅದೇ ಅಂಗಳಕ್ಕೆ, ಲಸಿಕೆಯಿಲ್ಲದ ಈ ಮರಿಯನ್ನು ಅಜ್ಜಿ ಸೈಟಿನ ಮರಳಿನ ಗುಡ್ಡೆಯಿಂದ ಎತ್ತಿಕೊಂಡು ಬಂದಿದ್ದರು.

“ಕಾಂಪೌಂಡ್ ಏನು ಹಾಕಿ ತೊಳೆದಿರಿ?” ಎಂದು ಕೇಳಿದೆ.

“ಫಿನಾಯಿಲ್ ಸಾರ್. ಒಳ್ಳೇದು. ಗುಲಾಬಿ ವಾಸ್ನೇದು,” ಎಂದರು ಬಿಲ್ಡರ್.

“ವೈರಸ್‌ಗೂ ಗುಲಾಬಿ ಇಷ್ಟ. ಬ್ಲೀಚ್ ಹಾಕ್ಬೇಕು. ಮಣ್ಣಲ್ಲಿ ಸೇರ್ಕೊಂಡಿದ್ರೆ ಒಂದು ವರ್ಷದ ತನಕ ಇರುತ್ತೆ.”

ಬಿಲ್ಡರ್ ಹಿಂದಿದ್ದವರ ಕಡೆ ತಿರುಗಿದರು. “ನಾಳೆ ಜೆಸಿಬಿ ಕರ್ಸು. ಅಂಗಳ ಪೂರ್ತಿ ಎತ್ತಿಸ್ಬಿಡು.”

“ಜೆಸಿಬಿ ಬೇಡ. ಸಿಮೆಂಟ್ ನೆಲಕ್ಕೆ ಬ್ಲೀಚ್ ಸಾಕು. ಮಣ್ಣಿನ ಭಾಗಕ್ಕೆ ಬೇರೆ ಮರಿ ಬಿಡದೇ ಇದ್ರೆ ಸಾಕು.”

ಅವರಿಗೆ ಸಮಾಧಾನವಾಗಲಿಲ್ಲ. ಅವಮಾನವಾದವರಂತೆ ನಿಂತಿದ್ದರು. “ಒಂದ್ ವರ್ಷ ಅಂದ್ರಾ ಸಾರ್? ನಮ್ ಜಾಗದಲ್ಲಿ, ನಮ್ಮನ್ ಒಂದ್ ಮಾತು ಕೇಳ್ದೆ?”

“ಒಂದು ವರ್ಷ.”

“ಬಾಡಿಗೆಯವ್ರಿಗೇ ನಾವು ಹನ್ನೊಂದ್ ತಿಂಗಳ ಮೇಲೆ ಅಗ್ರಿಮೆಂಟ್ ಮಾಡಲ್ಲ!”

ದೃಷ್ಟಿ

ಅಜ್ಜಿ ಮನೆಗೆ ಹೋಗಲು ಒಪ್ಪಲಿಲ್ಲ. ವಾರ್ಡಿಗೆ ಯಾರನ್ನೂ ಬಿಡುವುದಿಲ್ಲ ಎಂದೆ. ಹೊರಗಿನ ಬೆಂಚಿನಲ್ಲಿ ಕೂತರು. ಮರುದಿನ ಬೆಳಗ್ಗೆಯೂ ಬಂದು ಕೂತರು.

“ಡಾಕ್ಟ್ರೇ, ಒಂದ್ ಮಾತು. ಕೋಪ ಮಾಡ್ಕಬೇಡಿ. ಮರೀಗೆ ದೃಷ್ಟಿ ತೆಗೀಬೇಕು.”

“ಅಜ್ಜಿ, ಇದು ವೈರಸ್. ದೃಷ್ಟಿಯಿಂದ ಬಂದಿದ್ದಲ್ಲ.”

“ಅದೂ ಕಣ್ಣಿಗ್ ಕಾಣಲ್ಲ, ಇದೂ ಕಣ್ಣಿಗ್ ಕಾಣಲ್ಲ. ನಿಮ್ದಕ್ ನೀವ್ ಮಾಡಿ, ನಮ್ದಕ್ ನಾವ್ ಮಾಡ್ತೀವಿ.”

ಡ್ರಿಪ್ ಮುಟ್ಟುವುದಿಲ್ಲ, ಮದ್ದು ನಿಲ್ಲಿಸುವುದಿಲ್ಲ, ನಾಟಿ ಔಷಧಿ ಬಾಯಿಗೆ ಹಾಕುವುದಿಲ್ಲ ಎಂದು ಮಾತು ತೆಗೆದುಕೊಂಡು, ಕಿಟಕಿಯ ಹೊರಗಿನಿಂದ ಮಾಡಿ ಎಂದೆ. ಅಜ್ಜಿ ಕೈಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು ಗಾಜಿನಾಚೆಗೆ ನಿಂತರು. ಒಳಗೆ ಪಂಜರದ ಮುಂದೆ ನಾನು ಬಗ್ಗಿ ಡ್ರಿಪ್ಪಿನ ವೇಗ ಸರಿಮಾಡುತ್ತಿದ್ದೆ. ಅಜ್ಜಿ ಗಾಜು ಬಡಿದರು.

“ಸ್ವಲ್ಪ ಪಕ್ಕಕ್ ಸರೀರಿ ಡಾಕ್ಟ್ರೇ. ಮರೀಗ್ ತೆಗೀತಿರೋದು, ಎಲ್ಲಾ ನಿಮಗೇ ಓಗ್ತಾ ಐತೆ.”

ಹಾಸ್ಟೆಲ್ ಊಟ

ವಾಂತಿ ನಿಂತಿತು. ಭೇದಿಯಲ್ಲಿ ರಕ್ತ ಬರುವುದೂ ನಿಂತಿತು. ಆದರೆ ಬೆಲ್ಲ ಬಾಯಿ ತೆರೆಯಲಿಲ್ಲ. ಈ ರೋಗದಲ್ಲಿ ವಾಂತಿ ಹತೋಟಿಗೆ ಬಂದೊಡನೆ ಹೊಟ್ಟೆಗೆ ಚೂರಾದರೂ ಬೀಳಬೇಕು, ಕರುಳು ಸುಧಾರಿಸುವುದೇ ಆಗ. ಬೇಯಿಸಿದ ಕೋಳಿಯನ್ನು ಮೆತ್ತಗಿನ ಅನ್ನದಲ್ಲಿ ಕಲಸಿ ಇಟ್ಟರೆ ಮುಖ ತಿರುಗಿಸಿದ. ಬೆರಳಿಗೆ ಹಚ್ಚಿ ತುಟಿಗೆ ಸವರಿದರೆ ಉಗುಳಿದ. ಮುದ್ದು ಮಾಡಿ ನೋಡಿದೆ, ನನಗೆ ಮುದ್ದು ಮಾಡಲು ಬರುವುದಿಲ್ಲ, ಅವನಿಗೂ ಅದು ಗೊತ್ತಾಯಿತು.

ಕೊನೆಗೆ ತಾಳ್ಮೆ ಹೋಯಿತು. ನಾನು ಓದಿದ್ದು ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ. ಅಲ್ಲಿ ಊಟದ ಹಾಲಿನಲ್ಲಿ ವಾರ್ಡನ್ ಕೈ ಹಿಂದಕ್ಕೆ ಕಟ್ಟಿಕೊಂಡು ಹೇಗೆ ಗುಡುಗುತ್ತಿದ್ದರೋ ಹಾಗೆಯೇ ನನ್ನ ಬಾಯಿಂದ ಹೊರಟಿತು: “ಸಿಟ್ ಅಪ್ ಸ್ಟ್ರೇಟ್! ನೋ ನಾನ್‌ಸೆನ್ಸ್! ಫಿನಿಶ್ ಎವ್ರಿಥಿಂಗ್ ಆನ್ ಯುವರ್ ಪ್ಲೇಟ್!”

ಬೆಲ್ಲ ನನ್ನನ್ನೇ ನೋಡಿದ. ಆಮೇಲೆ ತಟ್ಟೆ ನೋಡಿದ. ಮುಂಗಾಲ ಮೇಲೆ ಎದ್ದು ಒಂದು ತುತ್ತು ತಿಂದ. ತಲೆಯೆತ್ತಿ ಮತ್ತೆ ನನ್ನನ್ನು ನೋಡಿದ. “ಡೋಂಟ್ ಸ್ಟೇರ್! ಈಟ್!” ಎಂದೆ. ಇನ್ನೊಂದು ತುತ್ತು. ಬಾಲ ಮೊಟ್ಟಮೊದಲ ಬಾರಿಗೆ ಪಂಜರದ ಕಂಬಿಗೆ ಟಕ್ ಎಂದು ತಾಗಿತು.

ಅಂದಿನಿಂದ ಪ್ರತಿ ಊಟಕ್ಕೂ ನಾನು ಬೈಯಬೇಕು, ಅವನು ತಿನ್ನಬೇಕು. ನನ್ನ ಬಿಡುವಿನ ಹೊತ್ತೆಲ್ಲ ವಾರ್ಡಿನಲ್ಲಿ ಕಳೆಯತೊಡಗಿತು. ಪಂಜರದ ಮುಂದೆ ಕೂತು ಹಾಸ್ಟೆಲಿನ ನಿಯಮಗಳನ್ನೆಲ್ಲ ಒಂದೊಂದಾಗಿ ಅವನಿಗೆ ಹೇಳುತ್ತಿದ್ದೆ. ಉಗುರು ಕತ್ತರಿಸಿಕೊಳ್ಳುವುದು, ಹಾಸಿಗೆ ಮಡಿಸುವುದು, ಸುಳ್ಳು ಹೇಳದಿರುವುದು. ಅವನು ಗಲ್ಲ ನನ್ನ ಬೂಟಿನ ಮೇಲಿಟ್ಟು ಕೇಳುತ್ತಿದ್ದ.

ಹೊರಗಿನ ಬೆಂಚಿನಲ್ಲಿ ಹೊಸಬರು ಯಾರೋ ಹೆದರಿ ಅಜ್ಜಿಯನ್ನು ಕೇಳಿದರಂತೆ, “ಒಳಗೆ ಡಾಕ್ಟ್ರು ಯಾರಿಗಮ್ಮಾ ಹಂಗ್ ಬೈತಿರೋದು?”

ಅಜ್ಜಿ ಹೆಮ್ಮೆಯಿಂದ ಹೇಳಿದರಂತೆ, “ನಮ್ ಮರೀಗೆ. ನಿಮ್ದಕ್ಕೂ ಬೈಸ್ಕಳ್ಳಿ. ಕೈಗುಣ ಚೆನ್ನಾಗೈತೆ.”

ಕೇಳಬಾರದ ಮಾತು

ಬೆಲ್ಲ ಗುಣವಾದ. ಮನೆಯಲ್ಲಿ ಹೇಳಿದೆ. ಹೆಂಡತಿ ಒಗ್ಗರಣೆ ಹಾಕುತ್ತಿದ್ದವಳು ಸೌಟು ಕೆಳಗಿಟ್ಟಳು.

“ಒಮ್ಮೆ ಈ ರೋಗ ಗೆದ್ದ ಮರಿಗೆ ಮತ್ತೆ ಬರಲ್ಲ ಅಂತ ನೀವೇ ಹೇಳ್ತಿದ್ರಿ ಅಲ್ವಾ?”

“ಸಾಮಾನ್ಯವಾಗಿ ಬರೋದಿಲ್ಲ. ಶಕ್ತಿ ಬಂದಿರುತ್ತೆ.”

“ಅಂದ್ರೆ ನೀವು ವಾರ್ಡಿಂದ ಬಂದು ಮುಟ್ಟಿದ್ರೂ ಅದಕ್ಕೇನೂ ಆಗಲ್ಲ.”

“ಆಗೋದಿಲ್ಲ.”

“ಅಂದ್ರೆ ಈ ಊರಲ್ಲಿ ನಮ್ಮನೆಗೆ ಬರಬಹುದಾದ ಮರಿ ಅಂತಿದ್ರೆ, ಅದು ಅದೇ.”

ಇದು ನನಗೆ ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ವಾರ್ಡಿನ ನೆಲದ ಮೇಲೆ ಕೂತು ಎಷ್ಟೋ ಸಲ ಅದನ್ನೇ ಯೋಚಿಸಿದ್ದೆ. ಆದರೆ ರೋಗಿಯನ್ನು ಗುಣಪಡಿಸಿ ‘ನನಗೇ ಕೊಡಿ’ ಎಂದು ಕೇಳುವ ಡಾಕ್ಟರು ಡಾಕ್ಟರಲ್ಲ. ಹೆಂಡತಿಗೂ ಅದು ಗೊತ್ತು. “ಕೇಳ್ಬೇಡಿ. ಸುಮ್ನೆ ಹೇಳ್ದೆ,” ಎಂದು ಸೌಟು ಎತ್ತಿಕೊಂಡಳು.

ಡಿಸ್ಚಾರ್ಜ್ ದಿನ ಅಜ್ಜಿಗೆ ಎಲ್ಲವನ್ನೂ ತಿಳಿಸಿ ಹೇಳಿದೆ. ಇನ್ನೂ ಕೆಲವು ವಾರ ಮಲದಲ್ಲಿ ವೈರಸ್ ಬರಬಹುದು, ಬೇರೆ ಮರಿಗಳ ಹತ್ತಿರ ಬಿಡಬೇಡಿ, ಬ್ಲೀಚ್ ಮುಂದುವರಿಸಿ, ಬೇರೆ ರೋಗಗಳ ಲಸಿಕೆಗೆ ತಪ್ಪದೆ ಬನ್ನಿ. ಇನ್ನೇನು ಹೇಳುವುದೆಂದು ತೋಚದೆ ಮೊದಲಿನಿಂದ ಮತ್ತೊಮ್ಮೆ ಹೇಳಿದೆ. ಮೂರನೇ ಸಲ ಶುರುಮಾಡಿದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು.

“ಎಲ್ಲಾ ತಿಳೀತು ಡಾಕ್ಟ್ರೇ. ನೀವೀಗ ಅವ್ನ ಕಾಲು ಬಿಟ್ರೆ, ನಾವು ಒರಡ್ತೀವಿ.”

ಇಂಗ್ಲಿಷ್ ಮೀಡಿಯಂ

ಮರುದಿನ ಬೆಳಗ್ಗೆ ಚಿತ್ರಾನ್ನದ ಹೊತ್ತಿಗೆ ಫೋನ್ ಬಂತು. ಅಜ್ಜಿ.

“ಏನ್ ಡಾಕ್ಟ್ರೇ, ಸ್ವಲ್ಪ ದಿನ ಇಟ್ಕಂಡು ನಮ್ ಮರೀನ ಇಂಗ್ಲಿಸ್ ಮೀಡಿಯಂ ಮಾಡ್ಬುಟ್ರಲ್ಲ! ನಾವ್ ಎಂಗ್ ಕರುದ್ರೂ ತಿಂತಿಲ್ಲ. ನನ್ ಮಗ ಇಂಗ್ಲಿಸಲ್ಲಿ ಬೈದ. ಅವನ್ ಇಂಗ್ಲಿಸು ಇದಕ್ಕೆ ಇಡಿಸ್ತಾ ಇಲ್ಲ.”

ಹಿಂದಿನಿಂದ ಬಿಲ್ಡರ್ ದನಿ ಕೇಳಿಸಿತು, “ಸಾರ್, ಸ್ಪೀಕರ್‌ಗೆ ಹಾಕಿದ್ದೀನಿ. ಒಂದ್ಸಲ ಬೈದ್ಬಿಡಿ ಸಾರ್, ಪ್ಲೀಸ್.”

ನಾನು ಎದ್ದು ನಿಂತೆ. ಕೂತು ಬೈದು ನನಗೆ ರೂಢಿಯಿಲ್ಲ. “ಬೆಲ್ಲ! ವಾಟ್ ಈಸ್ ದಿಸ್ ಐ ಹಿಯರ್? ಸಿಟ್ ಸ್ಟ್ರೇಟ್! ಫಿನಿಶ್ ಯುವರ್ ಪ್ಲೇಟ್!”

ಆ ಕಡೆ ತಟ್ಟೆ ನೆಲಕ್ಕೆ ಕಿರ್ ಎಂದು ಉಜ್ಜುವ ಸದ್ದು. ಅಜ್ಜಿಯ ನಗು. ಈ ಕಡೆ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ಒರಗಿ ನಿಂತಿದ್ದಳು.

ದಿನಾ ಬೆಳಗ್ಗೆ ಅದೇ ಹೊತ್ತಿಗೆ ಫೋನ್ ಬರತೊಡಗಿತು. ನಾನು ಬೈಯುವುದು, ತಟ್ಟೆಯ ಸದ್ದು ಕೇಳುವುದು, ಆಮೇಲೆ ನನ್ನ ಚಿತ್ರಾನ್ನ ತಿನ್ನುವುದು. ಒಂದು ದಿನ ಬಿಲ್ಡರ್ ಪಾಪ ನನ್ನ ಕಷ್ಟ ನೋಡಲಾರದೆ ಹೇಳಿದರು: “ಸಾರ್, ನೀವು ಬೈದಿದ್ದನ್ನ ಒಂದ್ ವಾಯ್ಸ್ ಮೆಸೇಜ್ ಮಾಡಿ ಕಳ್ಸಿಬಿಡಿ. ದಿನಾ ನಾವೇ ಹಾಕ್ಕೋತೀವಿ. ನಿಮಗ್ಯಾಕ್ ತೊಂದ್ರೆ?”

“ಆಗೋದಿಲ್ಲ,” ಎಂದೆ ಖಡಾಖಂಡಿತವಾಗಿ. “ರೆಕಾರ್ಡಿಂಗ್ ವೈದ್ಯಕೀಯವಾಗಿ ಸರಿಯಲ್ಲ. ಪ್ರತಿ ಊಟಕ್ಕೂ ಬೈಗುಳ ಹೊಸದಾಗಿರಬೇಕು.”

ಫೋನಿಟ್ಟ ಮೇಲೆ ಹೆಂಡತಿ ಕೇಳಿದಳು, “ಇದು ಯಾವ ಪುಸ್ತಕದಲ್ಲಿದೆ ರೀ?”

ಎರಡು ತಟ್ಟೆ

ಆಮೇಲೆ ಫೋನ್ ನಿಂತಿತು.

ನಿಲ್ಲಲೇಬೇಕಿತ್ತು. ಆರೋಗ್ಯವಂತ ಮರಿ ಬೈಸಿಕೊಳ್ಳದೆ ತಿನ್ನುತ್ತದೆ, ನಾನು ಬಯಸಿದ್ದೂ ಅದನ್ನೇ. ಮೊದಲ ದಿನ ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದುಕೊಂಡೆ. ಆಮೇಲೆ ಹಾಗೆ ಅಂದುಕೊಳ್ಳುವುದೂ ಕಷ್ಟವಾಯಿತು. ಆ ಹೊತ್ತಿಗೆ ಚಿತ್ರಾನ್ನದ ತಟ್ಟೆಯ ಪಕ್ಕ ಫೋನಿಟ್ಟುಕೊಂಡು, ಅದನ್ನು ನೋಡದೆ ಕೂರುವುದು ಅಭ್ಯಾಸವಾಯಿತು. ಮೊಳೆಯ ಮೇಲಿನ ಸರಪಳಿಯನ್ನು ಹೆಂಡತಿ ಒಂದು ದಿನ ಇಳಿಸಿ, ಒರೆಸಿ, ಮತ್ತೆ ಅಲ್ಲೇ ಹಾಕಿದಳು.

ಒಂದು ಬೆಳಗ್ಗೆ ಅವಳಿಗೇ ಸಾಕಾಯಿತು. “ನೀವೇ ಮಾಡಿ.”

“ಕಾರಣ ಇಲ್ದೆ ಪೇಷಂಟ್ ಮನೆಗೆ ಫೋನ್ ಮಾಡೋದಕ್ಕಾಗುತ್ತಾ?”

“ಲಸಿಕೆ ಬಾಕಿ ಇದೆ ಅಂದಿದ್ರಲ್ಲ.”

“ಅದಕ್ಕಿನ್ನೂ ಟೈಮಿದೆ.”

“ಟೈಮಿದೆ ಅಂತ ಹೇಳೋಕೆ ಮಾಡಿ.”

ಮಾಡಿದೆ. ಅಜ್ಜಿ ಎತ್ತಿದರು. ಲಸಿಕೆಗೆ ಇನ್ನೂ ಟೈಮಿದೆ ಎಂದು ತಿಳಿಸಿದೆ. “ಸರಿ ಡಾಕ್ಟ್ರೇ,” ಎಂದರು ಅಜ್ಜಿ.

“ಊಟ ಹೇಗೆ ಮಾಡ್ತಾನೆ?”

“ಅಯ್ಯೋ, ಈಗ ಬೈಯಂಗೇ ಇಲ್ಲ. ಇಟ್ಟ ತಕ್ಷಣ ಖಾಲಿ. ಈಗಿನ್ನೂ ತಿಂದು ಇತ್ತಲಲ್ಲಿ ಓಗಿ ಮಲ್ಗವ್ನೆ.”

“ಗುಡ್,” ಎಂದೆ. “ವೆರಿ ಗುಡ್.” ಇನ್ನೇನು ಇಡಬೇಕು, ಅಷ್ಟರಲ್ಲಿ ಅಜ್ಜಿಯೇ ತಡೆದರು.

“ಇರಿ ಇರಿ, ಇಡ್ಬೇಡಿ. ಒಳ್ಳೇ ಟೈಮಿಗ್ ಮಾಡುದ್ರಿ. ನಮ್ ಮೊಮ್ಮಗಳು ಇಲ್ಲಿ ಇಡ್ಲಿ ಮುಂದೆ ಮಡಿಕ್ಕಂಡು ಒಂದ್ ಗಂಟೆಯಿಂದ ಕುಂತವ್ಳೆ. ತುತ್ತು ಎತ್ತುತ್ತಿಲ್ಲ. ಸ್ಪೀಕರ್‌ಗ್ ಆಕಿವ್ನಿ, ಇವಳಿಗೂ ಒಂದ್ಕಿತ ಬೈರಿ. ಇವಳ್ದೂ ಇಂಗ್ಲಿಸ್ ಮೀಡಿಯಮ್ಮೇ.”

ಮಕ್ಕಳಿಗೆ ಬೈಯುವುದು ನನ್ನ ಕೆಲಸವಲ್ಲ ಎಂದು ಹೇಳಬೇಕೆಂದುಕೊಂಡೆ. ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದಳು. ಎದ್ದು ನಿಂತೆ. ಕೈ ಹಿಂದಕ್ಕೆ ಕಟ್ಟಿಕೊಂಡೆ. ಇಷ್ಟು ದಿನ ಒಳಗೇ ಉಳಿದದ್ದೆಲ್ಲ ಒಟ್ಟಿಗೆ ಬಂತು.

“ವಾಟ್ ಈಸ್ ದಿಸ್! ಸಿಟ್ ಅಪ್ ಸ್ಟ್ರೇಟ್! ನೋ ನಾನ್‌ಸೆನ್ಸ್! ಫಿನಿಶ್ ಎವ್ರಿಥಿಂಗ್ ಆನ್ ಯುವರ್ ಪ್ಲೇಟ್!”

ಆ ಕಡೆ ಏನೋ ಬಿದ್ದ ಸದ್ದು. ಬಾಗಿಲು ದಢಾರ್ ಎಂದಿತು. ಹುಡುಗಿ ಕಿಟಾರನೆ ಕಿರುಚಿ ಬಿದ್ದು ಬಿದ್ದು ನಗತೊಡಗಿದಳು. ಅದರ ನಡುವೆ, ಗುರುತು ತಪ್ಪುವುದೇ ಇಲ್ಲ, ತಟ್ಟೆ ನೆಲಕ್ಕೆ ಕಿರ್ ಎಂದು ಉಜ್ಜುವ ಸದ್ದು.

“ಅಜ್ಜಿ? ಮಗು ತಿಂದಳಾ?”

“ಅವಳೆಲ್ ತಿಂದ್ಲು ಡಾಕ್ಟ್ರೇ!” ಅಜ್ಜಿಗೆ ಉಸಿರು ಹಿಡಿಯುತ್ತಿತ್ತು. “ಇತ್ತಲಲ್ಲಿ ನಿದ್ದೆ ಮಾಡ್ತಿದ್ದೋನು ನಿಮ್ ದನಿ ಕೇಳ್ತಿದ್ದಂಗೆ ಎದ್ದು ಓಡ್ಬಂದು ಇವಳ ತಟ್ಟೇನೂ ನೆಕ್ಬುಟ್ಟ! ಈಗ ಫೋನ್ ನೆಕ್ತಾ ಅವ್ನೆ. ತೂ, ಬಿಡೋ!” ಸ್ವಲ್ಪ ಹೊತ್ತು ಬರೀ ಒದ್ದೆ ಸದ್ದು ಕೇಳಿಸಿತು. ಹೆಂಡತಿ ಫೋನನ್ನು ಕಿವಿಯ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಅಜ್ಜಿ ಮತ್ತೆ ಸಿಕ್ಕರು.

“ನಾಳೆ ಇದೇ ಒತ್ಗೆ ಮಾಡಿ ಡಾಕ್ಟ್ರೇ. ಮೊದ್ಲು ಇವನ್ನ ಕಟ್ಟಾಕ್ತೀನಿ, ಆಮ್ಯಾಕ್ ಮಗೀಗ್ ಬೈಯೀರಂತೆ.”

“ಕಟ್ಟೋದು ಬೇಡ ಅಜ್ಜಿ,” ಎಂದೆ. “ಎರಡು ತಟ್ಟೆ ಇಡಿ.”